ಮುದ್ದೆ ಇರಲಿ, ಮಾತ್ರೆಯೂ ಇರಲಿ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 46 ವರ್ಷ. ಆ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದರು. ಅವರ ತಂದೆ ಅಣ್ಣಾವ್ರ ಹುಟ್ಟೂರು ಗಾಜನೂರು ನಮ್ಮ ತಾಳವಾಡಿ ಸೀಮೆಯದು. ಅಲ್ಲಿಂದ ಇಂಗ್ಲೆಂಡಿಗೆ ಬಂದ ನಮಗೆ ಪುನೀತ್ ಸಾವು ಮನೆಯ ಸಾವೇ. ಅವರಿಗೆ ಏನಾಗಿತ್ತೆಂಬ ಚರ್ಚೆ ಬೇಡ. ನಮ್ಮ ರಕ್ತದಲ್ಲಿ ಏನಿದೆಯೆಂದು ನೋಡಿಸಿಕೊಳ್ಳೋಣ.

ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಸರಾಸರಿ ಐದಾರು ವರ್ಷ ಮುಂಚೆಯೇ ಬರುತ್ತದೆ. ಅದಕ್ಕೆ ದಾರಿಮಾಡುವ ಕೊಲೆಸ್ಟ್ರಾಲ್ ಹೆಚ್ಚಿದ್ದರೂ ನೋವಿಲ್ಲ, ಸುಸ್ತಿಲ್ಲ. ರಕ್ತ ಪರೀಕ್ಷೆಗೆ ಕೊಟ್ಟರಷ್ಟೇ ಗೊತ್ತಾಗುವುದು. ಇಲ್ಲಿ ಉಚಿತ ಹೆಲ್ತ್ ಚೆಕ್‌ಗೆ ಕರೆಯುವುದು 40ರಿಂದ 74ರ ವಯಸ್ಸಿನವರನ್ನು. ಮನೆಯಲ್ಲಿ ಹೃದಯದ ತೊಂದರೆ ಇದ್ದರೆ ಅಲ್ಲಿಯವರೆಗೆ ಕಾಯದೆ ಜಿ.ಪಿ. ಹತ್ತಿರ ಹೇಳಿ, ಪರೀಕ್ಷೆ ಕೇಳಿ. ವರದಿ ನೋಡಿ ಮೋಸಹೋಗಬೇಡಿ: ಊರಿನ ಲ್ಯಾಬಿನಲ್ಲಿ 130 ಎಂದಿದ್ದ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಇಲ್ಲಿ 3.4 ಎಂದು ಬರುತ್ತದೆ. ಇಳಿದಿಲ್ಲ, ಅಳತೆ ಬೇರೆ.

ರಾಗಿಮುದ್ದೆ, ಹುರುಳಿಕಾಳಿನ ಸಾರು, ಸೊಪ್ಪಿನ ಉಪ್ಸಾರು ಖಂಡಿತ ಬಿಡಬೇಡಿ. ಆದರೆ ಹೊಲದಲ್ಲಿ ಅರಿಶಿನ ಕೀಳುವವರು ಉಣ್ಣುವ ಗಾತ್ರದ ಮುದ್ದೆ ಕುರ್ಚಿಯಲ್ಲಿ ಕೂತು ದುಡಿಯುವವರಿಗೆ ಹೆಚ್ಚಾಯಿತು. ತುಪ್ಪ, ತೆಂಗಿನೆಣ್ಣೆ, ಫ್ರೋಜನ್ ಪರೋಟ, ಬೇಕರಿ ತಿಂಡಿ ಕಡಿಮೆ ಮಾಡಿ. ಸಿಗರೇಟು ಬೇಡವೇ ಬೇಡ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ.

ಇಷ್ಟು ಮಾಡಿಯೂ ಕೊಲೆಸ್ಟ್ರಾಲ್ ಇಳಿಯದಿದ್ದರೆ ನಿಮ್ಮ ತಪ್ಪೇನಲ್ಲ. ಕೊಲೆಸ್ಟ್ರಾಲಿನ ಹೆಚ್ಚು ಪಾಲನ್ನು ನಮ್ಮ ಮೈಯೇ ತಯಾರಿಸುತ್ತದೆ, ಮುಖ್ಯವಾಗಿ ಪಿತ್ತಜನಕಾಂಗ. ಸ್ಟ್ಯಾಟಿನ್ ಮಾತ್ರೆ ತಗ್ಗಿಸುವುದು ಆ ತಯಾರಿಕೆಯನ್ನೇ. ಡಾಕ್ಟರು ಈ ಬಗೆಯ ಅಟೊರ್ವಾಸ್ಟಾಟಿನ್ ಬರೆದುಕೊಟ್ಟರೆ, "ಒಂದ್ಸಲ ಶುರು ಮಾಡಿದ್ರೆ ಬಿಡಕ್ಕಾಗಲ್ಲ" ಎನ್ನುವವರ ಮಾತಿಗೆ ಹೆದರಿ ಎತ್ತಿಡಬೇಡಿ. ನಿಲ್ಲಿಸಲು ಬರುತ್ತದೆ, ನಿಲ್ಲಿಸಿದರೆ ಕೊಲೆಸ್ಟ್ರಾಲ್ ಮತ್ತೆ ಏರುತ್ತದೆ, ಅಷ್ಟೇ. ಎರಡು ಮೂರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷಿಸುತ್ತಾರೆ, ತಪ್ಪಿಸಬೇಡಿ. ಮೈಕೈ ನೋವು ಬಂದರೆ ನೀವೇ ಬಿಡದೆ ಫೋನ್ ಮಾಡಿ ಕೇಳಿ. ಮಗು ಬೇಕೆಂದಿರುವ ಹೆಣ್ಣುಮಕ್ಕಳು ಮೊದಲೇ ತಿಳಿಸಬೇಕು. ಗ್ರೇಪ್‌ಫ್ರೂಟ್ ಈ ಮಾತ್ರೆಗೆ ಆಗದು.

ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಒಂದು ವಿಷಯ ವಿಚಾರಿಸಿ. ಹೆತ್ತವರಲ್ಲಿ, ಒಡಹುಟ್ಟಿದವರಲ್ಲಿ ಯಾರಿಗಾದರೂ 60 ತುಂಬುವ ಮೊದಲೇ ಹೃದಯಾಘಾತವಾಗಿತ್ತೇ? ಜಿ.ಪಿ. ನಿಮ್ಮ ಅಪಾಯ ಲೆಕ್ಕಹಾಕುವಾಗ ಇದನ್ನೇ ಕೇಳುತ್ತಾರೆ. "ಗ್ಯಾಸು ಅಂದ್ಕೊಂಡಿದ್ವಿ, ಬೆಳಗಾಗೋದ್ರೊಳಗೆ ಹೋಗ್ಬುಟ್ರು" ಎಂದು ಅವ್ವ ಹೇಳಿದರೆ ಅದನ್ನೂ ಬರೆದುಕೊಂಡು ಹೋಗಿ.