ಕಾಫಿಪುಡಿಯ ಲೇಬಲ್ ಅಚ್ಚಿಗೆ ಕೊಡುವ ಮುನ್ನ



1996ರ ಹೊತ್ತಿಗೆ ಕಾಫಿ ಮಾರಾಟ ಪೂರ್ತಿ ಮುಕ್ತವಾಯಿತು. ಅಂದಿನಿಂದ ಸಣ್ಣ ಬೆಳೆಗಾರರೂ ಸ್ವಂತ ಹೆಸರಿನಲ್ಲಿ ಪುಡಿ ಮಾರಬಹುದಾಗಿದೆ. ಆದರೆ ಜಿನನಾಥಪುರದ ಬಸದಿ ನೋಡಲು ಬಂದ ಯಾತ್ರಿಕರಿಗೆ ನಮ್ಮ ತೋಟದ ಪರಿಚಯವಿಲ್ಲ. ಅವರು ನಂಬುವುದು ಪೊಟ್ಟಣದ ಲೇಬಲನ್ನು. ಆದ್ದರಿಂದ ಈ ಅಂಶಗಳನ್ನು ಗಮನಿಸಿರಿ.

1. ಹೆಸರು: ‘ಚಿಕ್ಕಮಗಳೂರು ಅರೇಬಿಕಾ’, ‘ಬಾಬಾಬುಡನ್‌ಗಿರಿ ಅರೇಬಿಕಾ’ ಕಾಫಿಗಳಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಹಾಸನ ಜಿಲ್ಲೆಯ ಕಾಫಿಗೆ ಆ ಹೆಸರು ಹಾಕುವಂತಿಲ್ಲ. ನಮ್ಮೂರಿನ ಹೆಸರನ್ನೇ ಹಾಕೋಣ.

2. ಚಿಕೋರಿ: ಮಿಶ್ರ ಪುಡಿಯ ತೂಕದಲ್ಲಿ ಕಾಫಿ ಶೇ. 51ಕ್ಕೆ ಕಡಿಮೆ ಇರಕೂಡದು. ಕಾಫಿ ಎಷ್ಟು, ಚಿಕೋರಿ ಎಷ್ಟು ಎಂಬುದನ್ನು ಎದ್ದು ಕಾಣುವಂತೆ ಮುದ್ರಿಸಬೇಕು.

3. ಕಡ್ಡಾಯ ವಿವರ: ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ದೂರಿಗೆ ದೂರವಾಣಿ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ ಇರಲೇಬೇಕು. ಆ ಸಂಖ್ಯೆ ಕೈಸೇರುವ ಮೊದಲು ಮುದ್ರಣಕ್ಕೆ ಕೊಡಬೇಡಿ.

4. ಖಾಲಿ ಜಾಗ: ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ದಿನಾಂಕ, ಬ್ಯಾಚ್ ಸಂಖ್ಯೆ ಸಲಸಲಕ್ಕೂ ಬದಲಾಗುತ್ತವೆ. ಅವಕ್ಕೆ ಜಾಗ ಬಿಟ್ಟು, ಪುಡಿ ತುಂಬುವ ದಿನ ಮೊಹರು ಒತ್ತಿರಿ. ಇಲ್ಲವಾದರೆ ಬೆಲೆ ಏರಿದೊಡನೆ ಲೇಬಲ್ಲೆಲ್ಲ ರದ್ದಿಯಾಗುತ್ತದೆ.

5. ಅಂಟು, ಮಸಿ: ಹುರಿದ ಕಾಫಿ ಎಣ್ಣೆ ಬಿಡುತ್ತದೆ, ಮಳೆಗಾಲದಲ್ಲಿ ತೇವವೂ ಸೇರುತ್ತದೆ. ಮಾದರಿ ಲೇಬಲನ್ನು ಪುಡಿ ತುಂಬಿದ ಪೊಟ್ಟಣಕ್ಕೆ ಅಂಟಿಸಿ ಒಂದು ವಾರ ನೋಡಿರಿ. ಒದ್ದೆ ಬೆರಳಿನಿಂದ ಉಜ್ಜಿದಾಗ ಮಸಿ ಹರಡಬಾರದು.

ಹೆಚ್ಚು ಅಚ್ಚು ಹಾಕಿಸಿದರೆ ದರ ಕಡಿಮೆ ಎಂಬುದು ನಿಜ. ಆದರೂ ಮೊದಲ ಸಲ ಒಂದು ಹಂಗಾಮಿಗೆ ಸಾಕಾಗುವಷ್ಟೇ ಮಾಡಿಸಿರಿ. ಕರಡನ್ನು ಮನೆಯಲ್ಲಿ ಇಬ್ಬರು ಓದಿದ ಬಳಿಕವೇ ಸಹಿ ಹಾಕಿರಿ.