ಅಂಡಾಶಯದ ನೀರುಗುಳ್ಳೆ: ನೋವು, ಶಸ್ತ್ರಚಿಕಿತ್ಸೆ ಮತ್ತು ಆನಂತರದ ಆರೈಕೆ

ಗರ್ಭಾಶಯದ ಎಡಬಲಗಳಲ್ಲಿ ಬಾದಾಮಿಯ ಆಕಾರದ ಎರಡು ಅಂಡಾಶಯಗಳಿವೆ. ಒಂದೊಂದರ ಉದ್ದ ಸುಮಾರು 3 ಸೆಂಟಿಮೀಟರ್. ಋತುಚಕ್ರ ನಡೆಯುವ ವಯಸ್ಸಿನಲ್ಲಿ ಪ್ರತಿ ತಿಂಗಳೂ ಇವುಗಳಲ್ಲೊಂದರೊಳಗೆ ಅಂಡವನ್ನು ಹೊತ್ತ ಪುಟ್ಟ ಚೀಲವೊಂದು ಬೆಳೆದು, ಸುಮಾರು 2 ಸೆಂಟಿಮೀಟರ್ ಗಾತ್ರಕ್ಕೆ ಬಂದಾಗ ಒಡೆದು ಅಂಡವನ್ನು ಹೊರಬಿಡುತ್ತದೆ. ಒಡೆಯಬೇಕಾದ ಈ ಚೀಲ ಒಡೆಯದೆ ನೀರು ತುಂಬಿ ಹಿಗ್ಗುವುದುಂಟು. ಒಡೆದ ಮೇಲೆ ಮತ್ತೆ ಮುಚ್ಚಿಕೊಂಡು ಒಳಗೆ ರಕ್ತ ನಿಲ್ಲುವುದೂ ಉಂಟು. ಇದನ್ನೇ ನೀರುಗುಳ್ಳೆ ಅಥವಾ ಸಿಸ್ಟ್ ಎಂದು ಕರೆಯುತ್ತೇವೆ. ಅಂದರೆ ಬಹುಪಾಲು ನೀರುಗುಳ್ಳೆಗಳು ಹೊರಗಿನಿಂದ ಬಂದ ರೋಗವಲ್ಲ. ಶರೀರದ ಸಹಜ ಕಾರ್ಯವೇ ಒಂದಿಷ್ಟು ದಾರಿ ತಪ್ಪಿದುದರ ಪರಿಣಾಮ. ಎರಡು ಮೂರು ಋತುಚಕ್ರಗಳೊಳಗೆ ಅವು ಸಾಮಾನ್ಯವಾಗಿ ತಾವಾಗಿಯೇ ಕರಗುತ್ತವೆ. ಆದುದರಿಂದ ಸ್ತ್ರೀರೋಗ ತಜ್ಞರು ಯಾವ ಔಷಧವನ್ನೂ ಬರೆಯದೆ, ಎರಡು ತಿಂಗಳು ಬಿಟ್ಟು ಮತ್ತೊಮ್ಮೆ ಸ್ಕ್ಯಾನಿಂಗ್ ಮಾಡಿಸಿಕೊಂಡು ಬರುವಂತೆ ಹೇಳಿದರೆ ಅದು ಉದಾಸೀನವಲ್ಲ.

ಸ್ಕ್ಯಾನಿಂಗ್ ವರದಿಯನ್ನು ಕೈಯಲ್ಲಿ ಹಿಡಿದು ಬರುವ ತಾಯಂದಿರು ಮೊದಲು ಕೇಳುವುದು ಕ್ಯಾನ್ಸರಿನ ಬಗ್ಗೆ. ಮುಟ್ಟು ನಡೆಯುತ್ತಿರುವ ವಯಸ್ಸಿನಲ್ಲಿ ಕಾಣುವ ನೀರುಗುಳ್ಳೆಗಳಲ್ಲಿ ಕ್ಯಾನ್ಸರ್ ವಿರಳ. ಮುಟ್ಟು ನಿಂತ ಮೇಲೆ ಹೊಸದಾಗಿ ಕಂಡುಬಂದರೆ, ಹೊಟ್ಟೆ ಸದಾ ಉಬ್ಬರಿಸಿಕೊಂಡಿದ್ದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾದರೆ, ಕಾರಣವಿಲ್ಲದೆ ತೂಕ ಇಳಿದರೆ, ತಾಯಿ ಅಥವಾ ಸೋದರಿಯರಿಗೆ ಅಂಡಾಶಯದ ಇಲ್ಲವೆ ಸ್ತನದ ಕ್ಯಾನ್ಸರ್ ಆಗಿದ್ದರೆ, ಆಗ ತಡಮಾಡದೆ ಪರೀಕ್ಷಿಸಿಕೊಳ್ಳಬೇಕು. ಸಿಎ-125 ಎಂಬ ರಕ್ತಪರೀಕ್ಷೆಯ ಅಂಕಿ ಹೆಚ್ಚಾಗಿದೆ ಎಂಬ ಒಂದೇ ಕಾರಣಕ್ಕೆ ಎದೆಗುಂದಬೇಕಾಗಿಲ್ಲ. ಮುಟ್ಟಿನ ದಿನಗಳಲ್ಲಿಯೂ, ಕ್ಯಾನ್ಸರಲ್ಲದ ಹಲವು ತೊಂದರೆಗಳಲ್ಲಿಯೂ ಅದು ಏರುತ್ತದೆ. ಇನ್ನು ಇತ್ತೀಚೆಗೆ ಎಲ್ಲರ ಬಾಯಲ್ಲೂ ಇರುವ ಪಿಸಿಓಎಸ್ ಬೇರೆಯೇ ವಿಷಯ. ಅಲ್ಲಿ ಕಾಣುವುದು ಬೆಳೆಯದೆ ನಿಂತ ಸಣ್ಣ ಸಣ್ಣ ಅಂಡಚೀಲಗಳು. ಅವುಗಳಿಗೆ ಈ ಲೇಖನದಲ್ಲಿ ಹೇಳುವ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ.

ಕರಗದ ಗುಳ್ಳೆಗಳು

ತಾವಾಗಿಯೇ ಕರಗದ ಮೂರು ಬಗೆಗಳನ್ನು ತಿಳಿದಿರುವುದು ಒಳ್ಳೆಯದು. ಮೊದಲನೆಯದು ಡರ್ಮಾಯ್ಡ್. ಅಂಡವನ್ನು ಉತ್ಪಾದಿಸುವ ಮೂಲಕೋಶಗಳಿಂದಲೇ ಇದು ಹುಟ್ಟುವುದರಿಂದ ಇದರೊಳಗೆ ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲು ಕೂಡ ಇರುತ್ತವೆ. ಹೊಟ್ಟೆಯಿಂದ ಕೂದಲು ಹೊರಬಂದಿತೆಂದು ಕೇಳಿ ಮದ್ದು ಹಾಕಿದ್ದಾರೆಂದೋ ಮಾಟ ಮಾಡಿಸಿದ್ದಾರೆಂದೋ ನೆಂಟರನ್ನೇ ಶಂಕಿಸುವವರಿದ್ದಾರೆ. ಅದು ಶರೀರದ್ದೇ ಬೆಳವಣಿಗೆ, ಯಾರ ಕೈವಾಡವೂ ಅಲ್ಲ. ಎರಡನೆಯದು ಚಾಕೊಲೇಟ್ ಸಿಸ್ಟ್. ಗರ್ಭಾಶಯದ ಒಳಪದರದಂತಹ ಅಂಗಾಂಶ ಅಂಡಾಶಯದಲ್ಲಿ ನೆಲೆಸಿ, ಪ್ರತಿ ಮುಟ್ಟಿನಲ್ಲಿಯೂ ಅಲ್ಲಿಯೇ ರಕ್ತ ಸುರಿಸುವುದರಿಂದ ಹಳೆಯ ರಕ್ತ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಶೇಖರವಾಗುತ್ತದೆ. ಮೂರನೆಯದು ಅಂಡಾಶಯದ ಹೊರಪದರದಿಂದ ಬೆಳೆಯುವ, ತಿಳಿನೀರು ಅಥವಾ ಲೋಳೆ ತುಂಬಿದ ಗಂಟು. ಇದು ಬಹಳ ದೊಡ್ಡದಾಗಿ ಬೆಳೆಯಬಲ್ಲದು.

ಇಲ್ಲಿ ಆಯುರ್ವೇದ ವೈದ್ಯನಾಗಿ ನಾನು ಸ್ಪಷ್ಟವಾಗಿ ಹೇಳಬೇಕಾದ ಮಾತೊಂದಿದೆ. ಈ ಮೂರು ಬಗೆಗಳನ್ನು ಕರಗಿಸುವೆನೆಂದು ಹೇಳುವ ಕಷಾಯ, ಚೂರ್ಣ, ಗುಳಿಗೆಗಳನ್ನು ನಂಬಿ ಕಾಲಹರಣ ಮಾಡಬೇಡಿ. ಕಾಂಚನಾರ ಗುಗ್ಗುಲು ಉತ್ತಮ ಔಷಧವೇ ಸರಿ. ಆದರೆ ಅದು ಡರ್ಮಾಯ್ಡನ್ನು ಕರಗಿಸಿದುದನ್ನು ನನ್ನ ವೃತ್ತಿಜೀವನದಲ್ಲಿ ಒಮ್ಮೆಯೂ ಕಂಡಿಲ್ಲ. ಕೂದಲೂ ಹಲ್ಲೂ ಯಾವ ಕಷಾಯಕ್ಕೆ ಕರಗಿಯಾವು? ‘ನನಗೆ ಮೂರು ತಿಂಗಳಲ್ಲಿ ಕರಗಿತು’ ಎಂದು ಸಾಕ್ಷಿ ಹೇಳುವವರಲ್ಲಿ ಬಹಳಷ್ಟು ಮಂದಿಗೆ ಇದ್ದುದು ತಾನಾಗಿಯೇ ಕರಗುವ ನೀರುಗುಳ್ಳೆ. ಋತುಚಕ್ರ ಮಾಡಿದ ಕೆಲಸದ ಕೀರ್ತಿ ಕಷಾಯಕ್ಕೆ ಸಂದಿರುತ್ತದೆ. ಚರಕರು ವರ್ಣಿಸಿದ ರಕ್ತಗುಲ್ಮವೇ ಇಂದಿನ ಸಿಸ್ಟ್ ಎಂದು ಕೆಲವರು ಸಮೀಕರಿಸುತ್ತಾರೆ. ರಕ್ತಗುಲ್ಮಕ್ಕೆ ಹತ್ತು ತಿಂಗಳು ಕಳೆದ ಮೇಲೆ ಚಿಕಿತ್ಸೆ ಆರಂಭಿಸಬೇಕೆಂದು ಅವರು ಹೇಳಿದುದು ನಿಜ. ಅದು ಗರ್ಭವಿರಬಹುದೆಂಬ ಸಂದೇಹ ಪೂರ್ಣವಾಗಿ ನಿವಾರಣೆಯಾಗಲೆಂಬ ವಿವೇಕವೆಂದು ನಾನು ತಿಳಿದಿದ್ದೇನೆ. ಹೊಟ್ಟೆಯೊಳಗನ್ನು ಕಾಣಲು ಸಾಧ್ಯವಿಲ್ಲದ ಕಾಲದ ಆ ಮಾತನ್ನು ಹಿಡಿದು, ಒಳಗೆ ಏನಿದೆಯೆಂದು ಹತ್ತು ನಿಮಿಷದಲ್ಲಿ ತಿಳಿಯಬಹುದಾದ ಈ ಕಾಲದಲ್ಲಿ ಹತ್ತು ತಿಂಗಳು ಕಾಯುವುದು ಶಾಸ್ತ್ರವನ್ನು ಗೌರವಿಸಿದಂತಾಗುವುದಿಲ್ಲ.

ನೋವಿನ ಬಗೆ

ಸಣ್ಣ ಗುಳ್ಳೆಗಳು ನೋವನ್ನೇ ಕೊಡದಿರಬಹುದು. ದೊಡ್ಡವು ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಭಾರ, ಸೆಳೆತ, ಪದೇ ಪದೇ ಮೂತ್ರ, ಮಲಬದ್ಧತೆ ಉಂಟುಮಾಡುತ್ತವೆ. ಚಾಕೊಲೇಟ್ ಸಿಸ್ಟಿನ ನೋವು ಮುಟ್ಟಿಗೆ ಕೆಲವು ದಿನ ಮೊದಲೇ ಆರಂಭವಾಗಿ ಸ್ರಾವ ನಡೆಯುವಾಗಲೂ ಮುಂದುವರಿಯುತ್ತದೆ. ದಾಂಪತ್ಯದ ಸಂದರ್ಭದಲ್ಲಿ, ಮಲವಿಸರ್ಜನೆಯ ವೇಳೆಯಲ್ಲಿ ತೀವ್ರವಾಗುತ್ತದೆ. ಚರಕರು ಹೇಳಿದ ಉದಾವರ್ತಾ ಎಂಬ ಯೋನಿವ್ಯಾಪತ್ತಿನಲ್ಲಿ ಸ್ರಾವವಾದೊಡನೆ ನೋವು ಶಮನವಾಗುತ್ತದೆ. ಸ್ರಾವವಾದರೂ ಶಮನವಾಗದ, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಹೋಗುವ ನೋವನ್ನು ‘ಹೆಣ್ಣಾದ ಮೇಲೆ ಇದ್ದದ್ದೇ’ ಎಂದು ನುಂಗಿಕೊಳ್ಳಬಾರದು. ಮುಟ್ಟು ಮೈಲಿಗೆಯೆಂಬುದನ್ನು ಶರಣರು ಒಪ್ಪಲಿಲ್ಲ. ಪಂಚಸೂತಕಗಳಲ್ಲೊಂದಾದ ರಜಸ್ಸೂತಕವನ್ನೂ ತಳ್ಳಿಹಾಕಿದರು. ಆದರೂ ಶರಣರ ಹೆಸರು ಹೇಳುವ ನಮ್ಮ ಮನೆಗಳಲ್ಲಿ ಮಗಳು ಆ ನೋವನ್ನು ತಂದೆಯೆದುರು ಹೇಳಲು, ಸೊಸೆ ಅತ್ತೆಯೆದುರು ಹೇಳಲು ಇನ್ನೂ ಸಂಕೋಚಪಡುತ್ತಾರೆ. ನೋವು ಬಂದ ದಿನ, ಎಷ್ಟು ಹೊತ್ತು ಇತ್ತು, ಯಾವ ಕೆಲಸ ನಿಂತಿತು ಎಂಬುದನ್ನು ಎರಡು ತಿಂಗಳು ಕ್ಯಾಲೆಂಡರಿನಲ್ಲಿಯೇ ಗುರುತು ಹಾಕಿಕೊಂಡು ವೈದ್ಯರಿಗೆ ತೋರಿಸಿದರೆ ರೋಗನಿರ್ಣಯಕ್ಕೆ ಬಹಳ ಸಹಾಯವಾಗುತ್ತದೆ. ಬಿಸಿನೀರಿನ ಚೀಲದ ಶಾಖ ಹಿತಕರ. ಆದರೆ ಹೊಕ್ಕುಳ ಜಾರಿದೆಯೆಂದು ಹೊಟ್ಟೆಯನ್ನು ಒತ್ತಿ ತಿಕ್ಕಿಸುವುದು ಬೇಡ.

ಒಂದು ಬಗೆಯ ನೋವು ಮಾತ್ರ ಗಂಟೆಗಳ ಲೆಕ್ಕದ್ದು. ನೀರುಗುಳ್ಳೆ 5 ಸೆಂಟಿಮೀಟರಿಗಿಂತ ದೊಡ್ಡದಾದಾಗ ಅದರ ಭಾರಕ್ಕೆ ಅಂಡಾಶಯವು ತನ್ನ ಬುಡದಲ್ಲಿ ತಿರುಚಿಕೊಳ್ಳುವ ಸಂಭವ ಹೆಚ್ಚು. ಆಗ ರಕ್ತ ಸಂಚಾರ ನಿಲ್ಲುತ್ತದೆ. ಒಮ್ಮೆಗೇ ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಅಸಹನೀಯ ನೋವು, ಜೊತೆಗೆ ವಾಂತಿ ಇದರ ಲಕ್ಷಣ. ನನಗೆ ಪರಿಚಿತರಾದ 34 ವರ್ಷದ ಒಬ್ಬ ರೈತ ಮಹಿಳೆಗೆ 7 ಸೆಂಟಿಮೀಟರಿನ ಡರ್ಮಾಯ್ಡ್ ಇತ್ತು. ಶಸ್ತ್ರಚಿಕಿತ್ಸೆಗೆ ಹೆದರಿ, ಯಾರೋ ಕೊಟ್ಟ ನಾಟಿ ಔಷಧವನ್ನು ಆರು ತಿಂಗಳು ಸೇವಿಸುತ್ತಿದ್ದರು. ಜೋಳದ ಸುಗ್ಗಿಯ ಒಂದು ಸಂಜೆ ನೋವು ಕಾಣಿಸಿತು. ಮನೆಯವರು ವಾಯುವೆಂದು ತಿಳಿದು ಸೋಡಾ ಕುಡಿಸಿದರು, ಇಂಗು ಹಚ್ಚಿದರು, ಬೆಳಗಾಗಲೆಂದು ಕಾದರು. ಮರುದಿನ ಮಧ್ಯಾಹ್ನ ಶಸ್ತ್ರಚಿಕಿತ್ಸೆ ನಡೆದಾಗ ಅಂಡಾಶಯವನ್ನು ಉಳಿಸಲು ಸಾಧ್ಯವಾಗಲಿಲ್ಲ. ಕೆಲವೇ ಗಂಟೆಗಳಲ್ಲಿ ತಲುಪಿದ್ದರೆ ತಿರುಚನ್ನು ಬಿಡಿಸಿ ಅಂಡಾಶಯವನ್ನು ಉಳಿಸುವ ಅವಕಾಶವಿರುತ್ತದೆ. ಗುಳ್ಳೆಯಿದೆಯೆಂದು ಗೊತ್ತಿರುವ ಮನೆಯಲ್ಲಿ ಇಂತಹ ನೋವು ಬಂದರೆ ರಾತ್ರಿಯೆಂದು ನೋಡದೆ ಹೊರಡಬೇಕು. ಹೊಟ್ಟೆನೋವಿನೊಡನೆ ತಲೆಸುತ್ತಿ ಬಿದ್ದರೂ ಹಾಗೆಯೇ; ಗುಳ್ಳೆ ಒಡೆದು ಒಳಗೆ ರಕ್ತಸ್ರಾವವಾಗುತ್ತಿರಬಹುದು. ಮುಟ್ಟು ತಪ್ಪಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು.

ಶಸ್ತ್ರಚಿಕಿತ್ಸೆ

ಅಂಡಾಶಯದ ಗಂಟನ್ನು ಯಶಸ್ವಿಯಾಗಿ ಹೊರತೆಗೆದ ಪ್ರಸಿದ್ಧ ಮೊದಲ ದಾಖಲೆ 1809ರ ಡಿಸೆಂಬರಿನದು. ಅಮೆರಿಕದ ಕೆಂಟಕಿ ಪ್ರಾಂತ್ಯದ ಡ್ಯಾನ್‌ವಿಲ್ ಎಂಬ ಊರಿನಲ್ಲಿ ಎಫ್ರಾಯಿಂ ಮೆಕ್‌ಡೊವೆಲ್ ಎಂಬ ವೈದ್ಯರು ಜೇನ್ ಟಾಡ್ ಕ್ರಾಫರ್ಡ್ ಎಂಬ ಮಹಿಳೆಯ ಹೊಟ್ಟೆಯಿಂದ ಸುಮಾರು 10 ಕಿಲೋ ತೂಕದ ಗಂಟನ್ನು ತೆಗೆದರು. ಆಗ ಅರಿವಳಿಕೆಯೇ ಇರಲಿಲ್ಲ. ಐದನೆಯ ದಿನವೇ ಆಕೆ ಎದ್ದು ತನ್ನ ಹಾಸಿಗೆಯನ್ನು ತಾನೇ ಸರಿಪಡಿಸುತ್ತಿದ್ದುದನ್ನು ಕಂಡು ವೈದ್ಯರು ಎಚ್ಚರಿಕೆ ಹೇಳಬೇಕಾಯಿತು. (ಹೆಣ್ಣುಮಕ್ಕಳು ಎಲ್ಲ ದೇಶಗಳಲ್ಲಿಯೂ ಒಂದೇ!) ಆಕೆ ಮುಂದೆ 32 ವರ್ಷ ಬದುಕಿದಳು. ಇಂದು ಅದೇ ಕಾರ್ಯ ಅರಿವಳಿಕೆಯಲ್ಲಿ, ಹೆಚ್ಚಿನವರಿಗೆ 5ರಿಂದ 10 ಮಿಲಿಮೀಟರಿನ ಮೂರು ನಾಲ್ಕು ರಂಧ್ರಗಳ ಮೂಲಕ ನಡೆಯುತ್ತದೆ. ತೀರ ದೊಡ್ಡ ಗಂಟಿದ್ದರೆ ಅಥವಾ ಕ್ಯಾನ್ಸರಿನ ಸಂದೇಹವಿದ್ದರೆ ಹೊಟ್ಟೆಯನ್ನು ತೆರೆದೇ ಮಾಡಬೇಕಾಗುತ್ತದೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು, ಗುಳ್ಳೆಯನ್ನು ಮಾತ್ರ ಬಿಡಿಸಿ ತೆಗೆಯುತ್ತಾರೆಯೋ ಅಂಡಾಶಯವನ್ನೇ ತೆಗೆಯುತ್ತಾರೆಯೋ ಎಂದು ಕೇಳಿ ತಿಳಿಯುವುದು ನಿಮ್ಮ ಹಕ್ಕು. ಸಾಮಾನ್ಯ ನೀರುಗುಳ್ಳೆಗಾಗಿ ಗರ್ಭಾಶಯವನ್ನೇ ತೆಗೆಸಿಕೊಳ್ಳಬೇಕಾಗಿಲ್ಲ. ‘ಹೇಗೂ ಮಕ್ಕಳಾಗಿವೆಯಲ್ಲ, ಎಲ್ಲ ತೆಗೆಸಿಬಿಡಿ’ ಎಂಬ ಸಲಹೆ ಬಂದರೆ ಇನ್ನೊಬ್ಬ ತಜ್ಞರನ್ನು ಕಾಣಿರಿ. ಎರಡೂ ಅಂಡಾಶಯಗಳನ್ನು ಮುಟ್ಟು ನಿಲ್ಲುವ ಮೊದಲೇ ತೆಗೆದರೆ ಮೈಬಿಸಿ, ನಿದ್ರಾನಾಶ ಒಮ್ಮೆಗೇ ಆರಂಭವಾಗಿ, ಮೂಳೆಗಳೂ ಹೃದಯವೂ ಬೇಗ ದುರ್ಬಲವಾಗುವ ಅಪಾಯವಿದೆ. ಸೇವಿಸುತ್ತಿರುವ ಎಲ್ಲ ಔಷಧಗಳನ್ನು, ಆಯುರ್ವೇದದವನ್ನೂ ಸೇರಿಸಿ, ಶಸ್ತ್ರವೈದ್ಯರಿಗೆ ಮರೆಮಾಚದೆ ತಿಳಿಸಬೇಕು. ಕೆಲವು ಮೂಲಿಕೆಗಳು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು.

ಆರೈಕೆಯ ದಿನಗಳು

ರಂಧ್ರದ ಶಸ್ತ್ರಚಿಕಿತ್ಸೆಯಾದವರು ಒಂದೆರಡು ದಿನಗಳಲ್ಲಿ ಮನೆಗೆ ಬರುತ್ತಾರೆ. ಹೊಟ್ಟೆ ಕೊಯ್ದು ಭುಜ ನೋಯುವುದೇಕೆಂದು ಗಾಬರಿಯಾಗುವುದುಂಟು. ಒಳಗೆ ತುಂಬಿದ ಗಾಳಿಯ ಶೇಷವು ಎದೆಗೂಡಿನ ಕೆಳಗಿನ ಪೊರೆಯನ್ನು ಕೆರಳಿಸುವುದರಿಂದ ಆ ನೋವು. ಕೆಲವು ದಿನಗಳಲ್ಲಿ ಹೋಗುತ್ತದೆ. ಏಳುವಾಗ ನೇರವಾಗಿ ಏಳದೆ ಪಕ್ಕಕ್ಕೆ ಹೊರಳಿ, ಕಾಲುಗಳನ್ನು ಕೆಳಗಿಳಿಸಿ, ಕೈಯೂರಿ ಏಳಬೇಕು. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಅಪ್ಪಿ ಹಿಡಿಯಬೇಕು. ಮೊದಲ ದಿನದಿಂದಲೇ ಮನೆಯೊಳಗೆ ನಿಧಾನವಾಗಿ ನಡೆದಾಡಬೇಕು. ಮಲಗಿಯೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯ.

ಆಹಾರದ ವಿಷಯದಲ್ಲಿ ನಮ್ಮಲ್ಲಿ ಅನಾವಶ್ಯಕ ಕಟ್ಟುಪಾಡುಗಳು ಬಹಳ. ಬಾಣಂತಿಗೆ ಮಾಡುವಂತೆ ನೀರನ್ನು ಕಡಿಮೆ ಮಾಡುವುದು, ನಂಜಾಗುವುದೆಂದು ತರಕಾರಿಗಳನ್ನೆಲ್ಲ ಬಿಡಿಸುವುದು ಸರಿಯಲ್ಲ. ಮೊದಲೇ ನೋವಿನ ಮಾತ್ರೆಗಳಿಂದ ಮಲ ಬಿಗಿಯುತ್ತದೆ; ನೀರನ್ನೂ ಸೊಪ್ಪನ್ನೂ ತಪ್ಪಿಸಿದರೆ ಮುಕ್ಕುವಾಗ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ. ಶಸ್ತ್ರವೈದ್ಯರು ಬಾಯಿಂದ ಆಹಾರ ಕೊಡಲು ಅನುಮತಿಸಿದ ಮೇಲೆ ಆಯುರ್ವೇದದ ಪೇಯಾದಿ ಕ್ರಮ ಚೆನ್ನಾಗಿ ಒದಗುತ್ತದೆ: ಮೊದಲು ತಿಳಿಗಂಜಿ, ಅನಂತರ ಅಗುಳು ಬೆಂದ ಗಂಜಿ, ಹೆಸರುಬೇಳೆಯ ಕಟ್ಟು, ಮೆತ್ತನೆಯ ಅನ್ನ, ಬಳಿಕ ಎಂದಿನ ರೊಟ್ಟಿ ಪಲ್ಯ. ಗಾಯ ಮಾಯಲು ಬೇಳೆಕಾಳು, ಹಾಲು, ಮೊಸರು ಬೇಕು. ರಾತ್ರಿ ನೆನೆಸಿದ ಒಣದ್ರಾಕ್ಷಿ, ಅಂಜೂರ ಮಲವನ್ನು ಸಡಿಲಿಸುತ್ತವೆ. ಸುಶ್ರುತರು ವ್ರಣಿತೋಪಾಸನೀಯವೆಂಬ ಅಧ್ಯಾಯವನ್ನೇ ಗಾಯಗೊಂಡವರ ಆರೈಕೆಗೆ ಮೀಸಲಿಟ್ಟಿದ್ದಾರೆ. ಹಳೆಯ ಅಕ್ಕಿ, ಹೆಸರು, ದಾಳಿಂಬೆ ಅಲ್ಲಿ ಪಥ್ಯ. ಉದ್ದು, ಎಳ್ಳು, ಹುರುಳಿ ಅಪಥ್ಯ. ನನಗೆ ಅದಕ್ಕಿಂತ ಮುಖ್ಯವೆನಿಸುವುದು, ರೋಗಿಯ ಬಳಿ ಆಪ್ತರು ಕುಳಿತು ಹಿತವಾದ ಕಥೆಗಳನ್ನು ಹೇಳುತ್ತ ನೋವನ್ನು ಮರೆಸಬೇಕೆಂಬ ಅವರ ವಿಧಿ. ನಮ್ಮ ಬಂಧುಗಳಾದರೋ ಎಳನೀರು ಹಿಡಿದು ಬಂದು, ಇದೇ ಆಪರೇಷನ್ ಆಗಿ ತೀರಿಕೊಂಡವರ ಕಥೆ ಹೇಳಿ ಹೋಗುತ್ತಾರೆ.

ಹೊರಗಿನ ಗಾಯ ವಾರದಲ್ಲಿ ಒಣಗಿದಂತೆ ಕಂಡರೂ ಒಳಗಿನ ಪದರಗಳು ಬಲಗೊಳ್ಳಲು ಇನ್ನೂ ಹಲವು ವಾರ ಬೇಕು. ಮನೆಯವರು ಮರೆಯುವುದು ಇದನ್ನೇ. ರಂಧ್ರದ ಶಸ್ತ್ರಚಿಕಿತ್ಸೆಯಾದವರು ಎರಡು ವಾರಗಳ ನಂತರ ಹಗುರವಾದ ಕೆಲಸ ಮಾಡಬಹುದು. ಹೊಟ್ಟೆ ತೆರೆದವರಿಗೆ ಆರರಿಂದ ಎಂಟು ವಾರ ಬೇಕು. ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಎತ್ತಿಕೊಳ್ಳೆಂದು ಹಟ ಮಾಡುವ ಮಗು, ಇವೆಲ್ಲ ವೈದ್ಯರು ಒಪ್ಪುವವರೆಗೆ ಬೇರೆಯವರ ಪಾಲು. ಆ ನೀರನ್ನು ಗಂಡನೂ ಮಗನೂ ತರಬೇಕು. ಮೂರನೆಯ ವಾರದಲ್ಲಿಯೂ ಮಧ್ಯಾಹ್ನಕ್ಕೇ ದಣಿವಾಗುವುದು, ಸುಮ್ಮನೆ ಅಳು ಬರುವುದು ಸೋಮಾರಿತನವಲ್ಲ, ಮಲಗಲಿ ಬಿಡಿ. ಇಷ್ಟಲಿಂಗ ಪೂಜೆಗೆ ನೆಲದ ಮೇಲೆ ಕುಳಿತು ಏಳಲು ಕಷ್ಟವಾದರೆ ಕುರ್ಚಿಯ ಮೇಲೆಯೇ ಕುಳಿತು ಮಾಡಿಕೊಳ್ಳಬಹುದು. ಶ್ರಾವಣವೇ ಇರಲಿ, ಈ ಅವಧಿಯಲ್ಲಿ ಉಪವಾಸ ಬೇಡ.

ಜ್ವರ 100.4 ಡಿಗ್ರಿ ಮೀರಿದರೆ, ಗಾಯ ಕೆಂಪಾಗಿ ಕೀವು ಒಸರಿದರೆ, ಹೊಟ್ಟೆ ಉಬ್ಬಿ ವಾಂತಿಯಾದರೆ, ಒಂದು ಕಾಲಿನ ಮೀನಖಂಡ ಬಾತು ನೋಯುತ್ತಿದ್ದರೆ ಅಂದೇ ಶಸ್ತ್ರವೈದ್ಯರನ್ನು ಕಾಣಬೇಕು. ಏದುಸಿರು ಬಂದರೆ ಕ್ಷಣವೂ ತಡಮಾಡಬಾರದು. ಬಲವರ್ಧಕ ಲೇಹ್ಯ, ಎಣ್ಣೆ ಸ್ನಾನ ಮೊದಲಾದವನ್ನು ಗಾಯ ಪೂರ್ಣ ಮಾಯ್ದ ಮೇಲೆ, ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಮೊದಲ ಒಂದೆರಡು ಮುಟ್ಟು ಹಿಂದುಮುಂದಾಗಬಹುದು. ಒಂದೇ ಅಂಡಾಶಯ ಉಳಿದಿದ್ದರೂ ಗರ್ಭಧಾರಣೆ ಸಾಧ್ಯ. ಮದುವೆಯಾಗಬೇಕಾದ ಹುಡುಗಿಯರ ತಂದೆತಾಯಿಗಳು ಇದನ್ನು ಗಮನದಲ್ಲಿಡಬೇಕು. ಚಾಕೊಲೇಟ್ ಸಿಸ್ಟ್ ಮರುಕಳಿಸುವ ಸ್ವಭಾವದ್ದು. ಆದುದರಿಂದ ಸದ್ಯಕ್ಕೆ ಗರ್ಭ ಬೇಡವೆನ್ನುವವರಿಗೆ ತಜ್ಞರು ಹಾರ್ಮೋನು ಮಾತ್ರೆಗಳನ್ನು ಬರೆಯುತ್ತಾರೆ. ಉಷ್ಣವೆಂದು ಅವನ್ನು ಅರ್ಧಕ್ಕೆ ನಿಲ್ಲಿಸಬಾರದು. ತೆಗೆದ ಗುಳ್ಳೆಯನ್ನು ಪ್ರಯೋಗಾಲಯಕ್ಕೆ ಕಳುಹಿಸಿರುತ್ತಾರೆ. ಹೊಲಿಗೆ ಬಿಚ್ಚಿಸಿಕೊಂಡು ಬಂದವರು ಆ ವರದಿಯನ್ನು ತರಲು ಮರೆಯುವುದೇ ಹೆಚ್ಚು. ಅದನ್ನು ಪಡೆದು ವೈದ್ಯರಿಗೆ ತೋರಿಸಿ, ಮುಂದಿನ ಸ್ಕ್ಯಾನಿಂಗ್ ಯಾವಾಗ ಎಂಬುದನ್ನು ಬರೆಸಿಕೊಂಡು, ಹಳೆಯ ಸ್ಕ್ಯಾನಿಂಗ್ ವರದಿಗಳೊಡನೆ ಒಂದೇ ಕಡತದಲ್ಲಿ ಇಟ್ಟುಕೊಳ್ಳಿರಿ.