ಬಣ್ಣದ ಡಬ್ಬಿ ಕೆಳಗಿಡು, ತಮ್ಮಾ

ಹುಬ್ಬಳ್ಳಿಯ ಗುಜರಿಯಲ್ಲಿ ಹಳೇ ಲೇತ್ ಸಿಕ್ಕಿತು, ತೂಕದ ಬೆಲೆಗೇ ಕೊಟ್ಟರು ಅಂತ ಫೋಟೋ ಕಳಿಸಿದೆಯಲ್ಲ ತಮ್ಮಾ, ನೋಡಿದೆ. ಕನ್ನಡಕ ಒರೆಸಿಕೊಂಡು ಎರಡೆರಡು ಸಲ ನೋಡಿದೆ. ಲೇತ್ ಏನೋ ಪರವಾಗಿಲ್ಲ. ಅದರ ಪಕ್ಕದಲ್ಲಿ ಹಸಿರು ಬಣ್ಣದ ಡಬ್ಬಿ, ಹೊಸ ಬ್ರಷ್ಷು ಇಟ್ಟುಕೊಂಡಿದ್ದೀಯಲ್ಲ, ಅದನ್ನು ನೋಡಿ ಎದೆ ಧಸಕ್ಕೆಂದಿತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರು ಯಾರೂ ಲೇತ್ ತಂದು ನೋಡಿದವರಲ್ಲ. ನೋಡಿದ್ದರೆ ಅದನ್ನೂ ಸೇರಿಸುತ್ತಿದ್ದರು.

ನಿನ್ನ ಕೈಯಲ್ಲಿ ಗುಣವಿದೆ, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಅಡಿಕೆ ಸುಲಿಯುವ ಮಿಷನ್ನಿನ ಬೇರಿಂಗು ಹೋದಾಗ ಶಿರಸಿ ಪೇಟೆಗೆ ಓಡದೆ ನೀನೇ ಕಳಚಿ ಕೂರಿಸಿದವನು. ಕೂರಿಸಿದ ಮೇಲೆ ಎರಡು ನಟ್ಟು ಕೈಯಲ್ಲೇ ಉಳಿದಿದ್ದವು, ಆ ಮಾತು ಬೇರೆ. ಆ ಎರಡು ನಟ್ಟಿಗಾಗಿಯೇ ಇವತ್ತು ನಿನ್ನ ಕಿವಿ ಹಿಡಿದಿದ್ದೇನೆ.

ಮೊದಲು ನನ್ನ ಕಥೆ ಕೇಳು. ನಗಬೇಕೆನಿಸಿದರೆ ನಗು. ನನ್ನ ಮೊದಲ ಲೇತನ್ನು ಲಾರಿಯಿಂದ ಇಳಿಸಿದ್ದು ಒಂದು ಮಧ್ಯಾಹ್ನ. ಹೆಡ್‌ಸ್ಟಾಕಿಗೆ ಎಣ್ಣೆ ಬಿಟ್ಟೆ, ಬೆಲ್ಟು ಹಾಕಿದೆ, ದೀಪ ಹಚ್ಚುವ ಹೊತ್ತಿಗೆ ಸ್ವಿಚ್ಚು ಒತ್ತಿಯೂಬಿಟ್ಟೆ. ಚಕ್ಕು ತಿರುಗಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಹತ್ತು ನಿಮಿಷಕ್ಕೆ ಸಣ್ಣಗೆ ಕೀರಲು ಸದ್ದು, ಆಮೇಲೆ ಸುಟ್ಟ ವಾಸನೆ, ಆಮೇಲೆ ಗಕ್ಕನೆ ನಿಂತೇಹೋಯಿತು. ಆ ಲೇತಿನ ಸ್ಪಿಂಡಲ್ಲು ಕೂತಿದ್ದು ರೋಲರ್ ಬೇರಿಂಗಿನಲ್ಲಲ್ಲ, ಗನ್‌ಮೆಟಲ್ ಬುಷ್ಷಿನಲ್ಲಿ. ಬುಷ್ಷಿಗೆ ಎಣ್ಣೆ ಇಳಿಯುವ ತೂತಿನೊಳಗೆ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ನಾನು ಬಿಟ್ಟ ಎಣ್ಣೆ ಮೇಲೇ ನಿಂತಿತ್ತು, ಒಳಗೆ ಒಂದು ಹನಿಯೂ ಇಳಿದಿರಲಿಲ್ಲ. ನಮ್ಮ ಕಡೆ ಆ ಹುಳ ಬಾಗಿಲ ಚಿಲಕದ ತೂತನ್ನೂ ಬಿಡುವುದಿಲ್ಲ. ಗೊತ್ತಿಲ್ಲದ ವಿಷಯವೇನಲ್ಲ. ಒಂದು ಸೈಕಲ್ ಕಡ್ಡಿ ತೂರಿಸಿ ನೋಡಿದ್ದರೆ ಸಾಕಿತ್ತು.

ಬುಷ್ಷು ಮಾಡಿಸಲು ಪೇಟೆಯ ಟರ್ನರ್ ಹತ್ತಿರ ಹೋದರೆ, "ಲೇತ್ ತಂದವರು ಲೇತ್ ಕೆಲಸಕ್ಕೆ ನಮ್ಮಲ್ಲಿಗೇ ಬಂದ್ರಾ?" ಅಂತ ಬೀಡಿ ಹಚ್ಚಿದ. ಹೊರಗೆ ಥಳಕು ಒಳಗೆ ಹುಳಕು ಅನ್ನುತ್ತಾರಲ್ಲ, ನನ್ನದರೊಳಗೆ ನಿಜವಾಗಿಯೂ ಹುಳವೇ ಇತ್ತು.

ಅವತ್ತಿನಿಂದ ನನ್ನ ಕಟ್ಟಳೆ ಒಂದೇ. ಹಳೇ ಲೇತಿಗೆ ಎಂಟು ದಿನ ಕರೆಂಟು ತೋರಿಸಬೇಡ. ಕೈಯಲ್ಲೇ ತಿರುಗಿಸು.

ಚಕ್ಕು ಹಿಡಿದು ನಿಧಾನಕ್ಕೆ ಒಂದೊಂದೇ ಸುತ್ತು ಹಾಕು. ಗಿಯರಿನ ಒಂದು ಹಲ್ಲು ಮುರಿದಿದ್ದರೆ ಸುತ್ತು ಸುತ್ತಿಗೂ ಅದೇ ಜಾಗದಲ್ಲಿ ಟಕ್ ಅನ್ನುತ್ತದೆ. ಮೋಟಾರು ಹಚ್ಚಿದೆಯೋ, ಆ ಟಕ್ ಗದ್ದಲದಲ್ಲಿ ಮುಳುಗಿಹೋಯಿತು. ಚಕ್ಕಿಗೆ ಮೊಳದುದ್ದದ ದಪ್ಪ ಸರಳು ಕಚ್ಚಿಸಿ ಮೇಲಕ್ಕೆ ಎತ್ತು. ಡಯಲ್ ಗೇಜಿನ ಮುಳ್ಳು ಎಷ್ಟು ಅಲುಗಿತು ನೋಡು. ಆಮೇಲೆ ಬೆಡ್ಡು. ಸ್ಯಾಡಲ್ಲನ್ನು ಚಕ್ಕಿನ ಹತ್ತಿರ ತಂದು, ಸಲೀಸಾಗಿ ಸರಿಯುವಷ್ಟು ಬಿಗಿ ಮಾಡಿ, ಟೇಲ್‌ಸ್ಟಾಕ್ ಕಡೆ ಓಡಿಸು. ಅರ್ಧ ದಾರಿಯಲ್ಲಿ ಹಿಡಿದುಕೊಂಡಿತೋ, ಚಕ್ಕಿನ ಬುಡದಲ್ಲಿ ಬೆಡ್ಡು ಸವೆದಿದೆ ಅಂತ ಲೆಕ್ಕ. ಸವೆಯದೆ ಇನ್ನೇನು? ಇಷ್ಟು ವರ್ಷ ಎಲ್ಲರೂ ಗಿಡ್ಡ ಗಿಡ್ಡ ಜಾಬುಗಳನ್ನು ಮಾಡಿದ್ದು ಅಲ್ಲೇ. ನಮ್ಮನೆ ಹೊಸ್ತಿಲು ಸವೆದದ್ದೂ ನಟ್ಟ ನಡುವೆಯೇ. ಗಾಬರಿ ಬೀಳಬೇಡ. ನೀನೇನು ವಿಮಾನದ ಸಾಮಾನು ಮಾಡುವವನಲ್ಲ. ಪಂಪಿನ ಬುಷ್ಷು, ಪುಲ್ಲಿ, ಕಬ್ಬಿನ ಗಾಣದ ಪಿನ್ನು ಮಾಡುವವನಿಗೆ ಕೂದಲೆಳೆಯಷ್ಟು ಸವೆತ ನಡೆಯುತ್ತದೆ.

ಒಂದೇ ಒಂದು ವಿಷಯದಲ್ಲಿ ಮಾತ್ರ ನಿನ್ನ ಅವಸರ ಬೇಕು. ನಾಳೆ ಬೆಳಗಿನ ಮೊದಲ ಬಸ್ಸಿಗೇ ಆ ಗುಜರಿಗೆ ಹೋಗಿ ಬದಲಿ ಗಿಯರುಗಳು ಎಲ್ಲಿ ಅಂತ ಕೇಳು. ಫೋಟೋದಲ್ಲಿ ಎರಡೇ ಕಂಡವು. ಮುಖ್ಯವಾಗಿ 127 ಹಲ್ಲಿನದನ್ನು ಹುಡುಕು. ಹಳೇ ಲೇತುಗಳ ಲೀಡ್ ಸ್ಕ್ರೂ ಸಾಮಾನ್ಯವಾಗಿ ಇಂಚಿನ ಲೆಕ್ಕದ್ದು. ಅದರಲ್ಲಿ ಮಿಲಿಮೀಟರಿನ ಥ್ರೆಡ್ಡು ಕರಾರುವಾಕ್ಕಾಗಿ ಬರಬೇಕಾದರೆ ಆ ಗಿಯರು ಬೇಕು. ಇಂಚಿಗೆ 25.4 ಮಿಲಿಮೀಟರ್, ಐದು ಇಂಚಿಗೆ ಸರಿಯಾಗಿ 127. ಅದಕ್ಕೇ ಆ ವಿಚಿತ್ರ ಸಂಖ್ಯೆ. ಗುಜರಿಯವನಿಗೆ ಅದೊಂದು ಹಲ್ಲಿನ ತಟ್ಟೆ, ಅಷ್ಟೆ. ಕರಗಿಸಲು ಕಳಿಸಿಬಿಟ್ಟಾನು.

ಹೆಡ್‌ಸ್ಟಾಕಿನ ಮಸಿ ಒರೆಸಿ ಹೆಸರು ಓದಿದೆಯೋ ಇಲ್ಲವೋ? ನನಗೆ ‘ಕಿರ್ಲೋಸ್ಕರ್’ ಅಂತ ಕಂಡ ಹಾಗಾಯಿತು. ಹೌದಾದರೆ ಅದು ಹರಿಹರದ್ದು. ಮೈಸೂರು ಕಿರ್ಲೋಸ್ಕರ್ ಅಲ್ಲಿ ತುಂಗಭದ್ರೆಯ ದಡದಲ್ಲಿ ಶುರುವಾದದ್ದು 1941ರಲ್ಲಿ. ಆ ಮನೆತನದ ಲಕ್ಷ್ಮಣರಾಯರು 1869ರಲ್ಲಿ ಹುಟ್ಟಿದ್ದು ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ಮುಟ್ಟಿದರೆ ಮಣ್ಣಿಗೆ ವಿಷ ಅಂತ ರೈತರು ಹಿಂಜರಿದರಂತೆ. ಮೊದಲ ನೇಗಿಲು ಮಾರಲು ಎರಡು ವರ್ಷ ಕಾದರಂತೆ. ನಿನಗೆ ಎಂಟು ದಿನ ಕಾಯಲು ಆಗುವುದಿಲ್ಲ! ಹರಿಹರದ ಆ ಕಾರ್ಖಾನೆಗೆ ಬೀಗ ಬಿದ್ದು ಎಷ್ಟೋ ವರ್ಷವಾಯಿತು, ಅಲ್ಲಿಂದ ಹೊರಟ ಲೇತುಗಳು ಮಾತ್ರ ಇನ್ನೂ ತಿರುಗುತ್ತಿವೆ. ಎಚ್‌ಎಂಟಿ ಅಂದರೆ ನಿಮಗೆಲ್ಲ ಕೈಗಡಿಯಾರ. 1953ರಲ್ಲಿ ಹುಟ್ಟಿದ ಆ ಕಂಪನಿಯೂ ವಾಚಿಗಿಂತ ಮೊದಲು ಮಾಡಿದ್ದು ಲೇತನ್ನೇ.

ತುಕ್ಕಿಗೆ ಸೀಮೆಎಣ್ಣೆಯೋ ಡೀಸೆಲ್ಲೋ ಹಚ್ಚಿ ರಾತ್ರಿ ಬಿಡು, ಬೆಳಿಗ್ಗೆ ಹಿತ್ತಾಳೆ ಪಟ್ಟಿಯಿಂದ ಕೆರೆ. ಬೆಡ್ಡಿನ ಮೇಲೆ ಗ್ರೈಂಡರ್ ಹಿಡಿದೆ ಅಂತ ಸುದ್ದಿ ಬಂದರೆ ನಿನ್ನ ಮನೆಗೆ ಕಾಲಿಡುವುದಿಲ್ಲ. ಬೋಲ್ಟು, ಹಿಡಿಕೆಗಳನ್ನು ಕಾಕಂಬಿಯ ನೀರಿನಲ್ಲಿ ಎಂಟು ಹತ್ತು ದಿನ ನೆನೆಹಾಕಬಹುದು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು. ಅಲ್ಯೂಮಿನಿಯಂ ಸಾಮಾನು ಮಾತ್ರ ಅದರಲ್ಲಿ ಹಾಕಬೇಡ, ತಿಂದುಬಿಡುತ್ತದೆ. ಆಯಿ ದೋಸೆಗೆ ಎತ್ತಿಟ್ಟ ಸಿದ್ದಾಪುರದ ಜೋನಿಬೆಲ್ಲಕ್ಕಂತೂ ಕೈ ಹಾಕಬೇಡ, ಆಮೇಲೆ ನಿನ್ನನ್ನು ಯಾವ ನೀರಿನಲ್ಲಿ ನೆನೆಹಾಕಿದರೂ ಉಳಿಯಲಿಕ್ಕಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಲೇತಿನ ವಿಷಯದಲ್ಲಿ ಆಕೆ ಹೇಳಿದ್ದೇ ಸರಿ. ಒಂದು ಕಾಲು ಕಾಗದದಷ್ಟು ತಗ್ಗಿದರೂ ಬೆಡ್ಡು ತಿರುಚಿಕೊಳ್ಳುತ್ತದೆ, ಜಾಬು ಒಂದು ತುದಿಗೆ ದಪ್ಪ ಇನ್ನೊಂದು ತುದಿಗೆ ಸಣ್ಣ ಬರುತ್ತದೆ. ಕೊಟ್ಟಿಗೆಯ ಮಗ್ಗುಲಿನ ಮಣ್ಣು ನೆಲ ಬೇಡ, ಕಾಂಕ್ರೀಟು ಹಾಕಿಸು.

ಇನ್ನು ಕರೆಂಟು. ಹುಡುಗರು ಮುಗ್ಗರಿಸುವುದೇ ಇಲ್ಲಿ. ಪಕ್ಕದಲ್ಲೇ ಜೋಗ, ಅಲ್ಲಿ 1948ರಿಂದ ಶರಾವತಿಯ ನೀರಲ್ಲಿ ಕರೆಂಟು ಮಾಡುತ್ತಿದ್ದಾರೆ. ಯಲ್ಲಾಪುರ ತಾಲೂಕಿನಲ್ಲಿ ಕೊಡಸಳ್ಳಿ ಅಣೆಕಟ್ಟಿದೆ. ಆದರೂ ಬೇಸಿಗೆಯಲ್ಲಿ ತೋಟದ ಪಂಪುಗಳೆಲ್ಲ ಒಟ್ಟಿಗೆ ಶುರುವಾದವೋ, ಮನೆಯ ಬಲ್ಬು ಮಿಣುಕು ಹುಳವಾಗುತ್ತದೆ. ವೋಲ್ಟೇಜು ಇಳಿದಾಗ ಮೋಟಾರು ಅದೇ ಕೆಲಸಕ್ಕೆ ಹೆಚ್ಚು ಕರೆಂಟು ಎಳೆದು ಕಾದು ಸುಡುತ್ತದೆ. ಹಾಗಾಗಿ ಓವರ್‌ಲೋಡ್ ರಿಲೇ ಇರುವ ಸ್ಟಾರ್ಟರು ಹಾಕು.

ನಿನ್ನ ಲೇತಿನ ಮೋಟಾರಿನ ತಗಡು ಓದಿ ನೋಡು. ತ್ರೀ ಫೇಸ್, 415 ವೋಲ್ಟ್ ಅಂತ ಇರುತ್ತದೆ. ಮನೆಗೆ ಬರುವುದು ಸಿಂಗಲ್ ಫೇಸ್. ತೋಟದ ಪಂಪಿನ ಲೈನಿನಿಂದ ವಯರು ಎಳೆಯುವ ಉಪಾಯ ನಿನ್ನ ತಲೆಯಲ್ಲಿ ಈಗಾಗಲೇ ಓಡಿರುತ್ತದೆ, ನನಗೆ ಗೊತ್ತು. ಬೇಡ. ಹತ್ತು ಎಚ್‌ಪಿವರೆಗೆ ಸರ್ಕಾರ ಪುಕ್ಕಟೆ ಕೊಡುವುದು ನೀರೆತ್ತಲು, ಲೇತ್ ತಿರುಗಿಸಲು ಅಲ್ಲ. ಕಂಡೆನ್ಸರ್ ಹಾಕಿ ಎಬ್ಬಿಸುವುದು ನಮ್ಮ ಕಡೆಯ ಹಳೇ ವಿದ್ಯೆ. ಎದ್ದೇಳುತ್ತದೆ ನಿಜ, ಪೂರ್ತಿ ಬಲ ಬರುವುದಿಲ್ಲ, ಮೋಟಾರು ಬೇಗ ಕಾಯುತ್ತದೆ. ಯೋಗ್ಯ ದಾರಿ ಮೂರು: ಹೆಸ್ಕಾಂಗೆ ಅರ್ಜಿ ಹಾಕಿ ತ್ರೀ ಫೇಸ್ ತೆಗೆದುಕೊಳ್ಳುವುದು, ಸಿಂಗಲ್ ಫೇಸ್ ಮೋಟಾರನ್ನೇ ಕೂರಿಸುವುದು, ಇಲ್ಲವೇ ಮೋಟಾರಿನ ವೇಗ ಬದಲಿಸುವ ವಿಎಫ್‌ಡಿ ಪೆಟ್ಟಿಗೆ.

ನಿನ್ನ ಮನಸ್ಸು ವಿಎಫ್‌ಡಿ ಮೇಲಿದೆ, ಯಾಕೆಂದರೆ ಅದರಲ್ಲಿ ತಿರುಗಿಸುವ ಗುಂಡಿ ಇದೆ, ಹೊಳೆಯುವ ಅಂಕಿ ಇದೆ. ಇರಲಿ, ಒಳ್ಳೆಯ ಸಾಮಾನೇ. ಆದರೆ ಅಂಗಡಿಯವ ಹೇಳದ ಮಾತು ಕೇಳು. ಸಿಂಗಲ್ ಫೇಸಿನ ಪೆಟ್ಟಿಗೆಗೆ 230 ವೋಲ್ಟ್ ಒಳಗೆ ಹೋದರೆ ತ್ರೀ ಫೇಸ್ ಹೊರಬರುತ್ತದೆ, ಆದರೆ ಅದೂ 230ರದ್ದೇ, 415 ಅಲ್ಲ. ಎರಡು ಎಚ್‌ಪಿವರೆಗಿನ ನಮ್ಮ ಮೋಟಾರುಗಳು ಸಾಮಾನ್ಯವಾಗಿ ಸ್ಟಾರ್‌ನಲ್ಲಿ ಕಟ್ಟಿರುತ್ತವೆ, ಅದನ್ನು ಡೆಲ್ಟಾಕ್ಕೆ ತಿರುಗಿಸಿದರೆ 230ಕ್ಕೆ ಪೂರ್ತಿ ದುಡಿಯುತ್ತದೆ. ಆರು ವಯರು ಹೊರಗಿಲ್ಲದಿದ್ದರೆ ರಿವೈಂಡಿಂಗ್ ಅಂಗಡಿಯಲ್ಲಿ ತೆಗೆಸಿಕೊಡುತ್ತಾರೆ. ಮೂರು ಎಚ್‌ಪಿ ಮೇಲಿನವು ಹುಟ್ಟುವಾಗಲೇ ಡೆಲ್ಟಾ. ಅವಕ್ಕೆ ಈ ಉಪಾಯ ನಡೆಯದು.

ವಿಎಫ್‌ಡಿಯಲ್ಲಿ ಒಂದು ಗುಂಡಿ ಒತ್ತಿದರೆ ಚಕ್ಕು ಉಲ್ಟಾ ತಿರುಗುತ್ತದೆ. ಹಳೇ ಲೇತುಗಳಲ್ಲಿ ಚಕ್ಕು ಸ್ಪಿಂಡಲ್ಲಿಗೆ ಥ್ರೆಡ್ಡಿನಲ್ಲಿ ಕೂತಿರುತ್ತದೆ. ಓಡುವಾಗ ಫಕ್ಕನೆ ಉಲ್ಟಾ ಹಾಕಿದರೆ ಅದು ಬಿಚ್ಚಿಕೊಂಡು ಬೆಡ್ಡಿನ ಮೇಲೆ ಬಿದ್ದು ಜಿಗಿಯುತ್ತದೆ. ಡಾಗ್ ಚಕ್ಕಿನ ತೂಕ ನೀನು ಎತ್ತಿ ನೋಡಿದ್ದೀಯ. ಅದು ಹಾರಿಬಂದರೆ ಹಿಡಿಯುವ ಕ್ಯಾಚಲ್ಲ. ಗುಂಡಿ ತಿರುಗಿಸಿ ವೇಗ ತೀರಾ ಇಳಿಸಿದರೆ ಮೋಟಾರಿನ ಫ್ಯಾನೂ ನಿಧಾನವಾಗಿ ಗಾಳಿ ಸಾಲದೆ ಕಾಯುತ್ತದೆ. ದಪ್ಪ ಕೆಲಸಕ್ಕೆ ಬ್ಯಾಕ್ ಗಿಯರು ಹಾಕು, ಅದನ್ನು ಇಟ್ಟದ್ದೇ ಅದಕ್ಕೆ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ಎರಡು ಕೊಡ ನೀರು ಹೊಯ್ಯುವುದು ಮರೆಯಬೇಡ. ನಮ್ಮ ಜಂಬಿಟ್ಟಿಗೆ ನೆಲ ಮಾರ್ಚಿಗೇ ಒಣಗಿರುತ್ತದೆ.

ಪಂಚೆ ಉಟ್ಟು ಲೇತಿನ ಮುಂದೆ ನಿಲ್ಲಬೇಡ. ಜನಿವಾರ ಕಿವಿಗೆ ಸುತ್ತಿದರೆ ಸಾಲದು, ಬನಿಯನ್ನಿನ ಒಳಗಿರಲಿ. ಕೈಗವಸು ಬೇಡವೇ ಬೇಡ. ಚಕ್ಕಿನ ಚಾವಿಯನ್ನು ಚಕ್ಕಿನಲ್ಲೇ ಬಿಟ್ಟು ಸ್ವಿಚ್ಚು ಒತ್ತುವವನು ಒಂದೇ ಸಲ ಒತ್ತುತ್ತಾನೆ. ಚಾವಿ ಕೈಯಲ್ಲಿರಬೇಕು, ಇಲ್ಲ ಗೋಡೆಯ ಮೊಳೆಯಲ್ಲಿ.

ಮಳೆಗಾಲಕ್ಕೆ ಪ್ಲಾಸ್ಟಿಕ್ ಹೊದೆಸಬೇಡ, ಒಳಗೇ ಬೆವತು ತುಕ್ಕು ಹಿಡಿಯುತ್ತದೆ. ಎಣ್ಣೆ ಸವರಿ ಹಳೇ ಹತ್ತಿ ಸೀರೆ ಹೊದೆಸು. ಆಷಾಢದಲ್ಲಿ ಕೆಳಗೊಂದು ಅರವತ್ತರ ಹಳೇ ಬಲ್ಬು ಸೀರೆಗೆ ತಾಗದ ಹಾಗೆ ಉರಿಯುತ್ತಿರಲಿ, ಬೆಚ್ಚಗಿರುತ್ತದೆ.

ಬಣ್ಣ ಎಲ್ಲಕ್ಕಿಂತ ಕೊನೆಗೆ. ಆಯುಧಪೂಜೆಗೆ ನಾನೇ ಬರುತ್ತೇನೆ, ತೋಟದ ಪಂಪಿನ ಶಾಫ್ಟನ್ನೂ ತರುತ್ತೇನೆ. ಅವತ್ತು ಕುಂಕುಮ, ಹೂವು ಏನಿದ್ದರೂ ಹೆಡ್‌ಸ್ಟಾಕಿನ ಮೇಲಿರಲಿ. ಒದ್ದೆ ಹೂವು ಬೆಡ್ಡಿನ ಮೇಲೆ ಬಿದ್ದರೆ ಬೆಳಗಾಗುವಷ್ಟರಲ್ಲಿ ಎಸಳಿನ ಆಕಾರದಲ್ಲೇ ತುಕ್ಕು ಕೂತಿರುತ್ತದೆ.